ತಪ್ಪಾಯ್ತು ಅನ್ನುವಂತಿಲ್ಲ

“ಬಂದ ನೆಂಟ್ರಿಂದ ನಮ್ಮನ್ನು ಕಾಪಾಡ್ಲಿಕ್ಕೆ ಇನ್ಶೂರೆನ್ಸಾ? ಎಂತ ಅವಸ್ಥೆ ಮಾರಾಯ ಇದು!”

2023ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಪ್ಪ ಹೀಗೆ ಅಂದಾಗ ನಾವು ಮೂವರು ಚಾವಡಿಯಲ್ಲಿ ಕೂತಿದ್ದೆವು. ನಾನು, ನನ್ನ ಲ್ಯಾಪ್‌ಟಾಪು, ಎದುರಿಗೆ ಮಾಷ್ಟ್ರು. ಮಾಷ್ಟ್ರು ಅಂದರೆ ಒಂದು ಕಾಲದಲ್ಲಿ ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವರು. ರಿಟೈರ್ ಆದ ಮೇಲೆ ಇನ್ಶೂರೆನ್ಸ್ ಏಜೆಂಟ್ ಆಗಿದ್ದಾರೆ. ಕೈಯಲ್ಲಿ ಬೆತ್ತ ಇಲ್ಲ, ಫೈಲು ಉಂಟು. ಗದರುವ ಧ್ವನಿ ಮಾತ್ರ ಹಾಗೆಯೇ.

ಅಪ್ಪ ನೆಂಟರು ಅಂದದ್ದು ನಮ್ಮ ಹೋಂಸ್ಟೇಗೆ ಬಂದು ಉಳಿಯುವವರನ್ನು. ಫೋನಿನಲ್ಲಿ ಬುಕ್ ಮಾಡಿ, ಯುಪಿಐಯಲ್ಲಿ ದುಡ್ಡು ಹಾಕಿ, ಹೋಗುವಾಗ ನಾಲ್ಕೋ ಐದೋ ಸ್ಟಾರ್ ಕೊಟ್ಟು ಹೋಗುವವರೆಲ್ಲ ಅಪ್ಪನ ಬಾಯಲ್ಲಿ ಇವತ್ತಿಗೂ ನೆಂಟರೇ. “ನಾಳೆ ಎರಡು ನೆಂಟ್ರು ಉಂಟು, ಬೆಳಿಗ್ಗೆ ನೀರ್‌ದೋಸೆ” ಅಂತ ಅಮ್ಮನಿಗೆ ಹೇಳುತ್ತಾರೆ. ಗಿರಾಕಿ ಅನ್ನುವ ಪದ ನಮ್ಮ ಮನೆಯಲ್ಲಿ ಅಡಿಕೆ ವ್ಯಾಪಾರಿಗೆ ಮಾತ್ರ.

ಮನೆ ಇರುವುದು ಕೊಯಿಲದಲ್ಲಿ. ಉಪ್ಪಿನಂಗಡಿಯಿಂದ ಕಡಬಕ್ಕೆ, ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಊರು. ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ‘ಕುಕ್ಕೆ ಗೊತ್ತಲ್ವಾ, ಅದಕ್ಕಿಂತ ಮೊದಲು’ ಅನ್ನುತ್ತೇನೆ. ನಮ್ಮ ಜಿಲ್ಲೆಯವರೇ ಕೇಳಿದರೆ ‘ದನಗಳ ಫಾರ್ಮ್ ಉಂಟಲ್ಲ, ಆ ಊರು’ ಅಂದರೆ ಮುಗಿಯಿತು. ಸರಕಾರದ ಜಾನುವಾರು ಸಂವರ್ಧನಾ ಕೇಂದ್ರ ಅದು. ಮಳೆ ಹಿಡಿದ ಮೇಲೆ ಅಲ್ಲಿನ ಹುಲ್ಲುಗುಡ್ಡ ಹಸಿರಾಗುತ್ತದೆ, ಫೋಟೋ ತೆಗೆಯುವವರ ಬೈಕುಗಳು ಸಾಲುಗಟ್ಟುತ್ತವೆ. ಮೊದಲು ನಮ್ಮದು ಪುತ್ತೂರು ತಾಲೂಕು, ಈಗ ಕಡಬ. ಈ ತಾಲೂಕಿನ ವಿಷಯ ಇನ್ಶೂರೆನ್ಸ್ ಕಾಗದದಲ್ಲಿ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನಾನು ಬಿಇ ಮುಗಿಸಿ ಬೆಂಗಳೂರು ಸೇರಿದೆ, ಅಕ್ಕನಿಗೆ ಮದುವೆಯಾಯಿತು, ಮನೆಯಲ್ಲಿ ಉಳಿದದ್ದು ಅಪ್ಪ, ಅಮ್ಮ ಮತ್ತು ಮೂರು ದನ. ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಅಂದರೆ ಎರಡು ದಿನದ ಕೆಲಸ. ಕೋಣೆ ಸಿಗದವರು, ದಾರಿಯಲ್ಲಿ ರಾತ್ರಿಯಾದವರು, ಗೇಟಿನ ಹತ್ತಿರ ಕಾರು ನಿಲ್ಲಿಸಿ ‘ಇಲ್ಲಿ ಎಲ್ಲಾದ್ರೂ ಉಳಿಯಲು ಜಾಗ ಉಂಟಾ’ ಅಂತ ಕೇಳುವುದು ಮಾಮೂಲು. ಅಮ್ಮ ಒಂದೆರಡು ಸಲ ಒಳಗೆ ಕರೆದು ಊಟ ಹಾಕಿ ಮಲಗಿಸಿದ್ದೂ ಉಂಟು. 2017ರಲ್ಲಿ ಬ್ಯಾಂಕಿನಲ್ಲಿ ಒಂಬತ್ತು ಲಕ್ಷ ಸಾಲ ಮಾಡಿ, ಹಳೆಯ ಹಂಚಿನ ಮನೆಗೆ ತಾಗಿ ಮೂರು ಕೋಣೆ ಕಟ್ಟಿಸಿದೆವು. ಗೇಟಿಗೆ ಬೋರ್ಡು ಹಾಕಿದೆವು. ಅಷ್ಟೇ ನಮ್ಮ ಸ್ಟಾರ್ಟಪ್ಪು.

ಸಾಲ ಕೊಡುವಾಗ ಬ್ಯಾಂಕಿನವರೇ ಒಂದು ಇನ್ಶೂರೆನ್ಸ್ ಮಾಡಿಸಿದರು. ಸಾಲದ ಅವಧಿಗೆ ಒಟ್ಟಿಗೆ, ಹತ್ತು ವರ್ಷಕ್ಕೆ. ಪ್ರೀಮಿಯಂ ಸಾಲಕ್ಕೇ ಸೇರಿಸಿಬಿಟ್ಟರು. ಅಪ್ಪ ಆ ಕಾಗದವನ್ನು ಆರ್‌ಟಿಸಿ, ಜಾತಕ, ನನ್ನ ಮಾರ್ಕ್ಸ್‌ಕಾರ್ಡ್ ಇರುವ ಟ್ರಂಕಿನಲ್ಲಿ ಇಟ್ಟರು. ಐದು ವರ್ಷ ಅದನ್ನು ಯಾರೂ ಓದಲಿಲ್ಲ. ದಿನಕ್ಕೆ ಎಂಟು ಗಂಟೆ ಬೇರೆಯವರ ಕೋಡ್ ರಿವ್ಯೂ ಮಾಡುವ ನಾನೂ ಓದಲಿಲ್ಲ.

ಓದಿಸಿದ್ದು ಸಿಡಿಲು.

ನಮ್ಮ ಕಡೆಯ ಸಿಡಿಲು ಗೊತ್ತಿಲ್ಲದವರಿಗೆ ಹೇಳಬೇಕು. ಜೂನ್ ಮಳೆಗಿಂತ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಘಟ್ಟದ ಕಡೆ ಕಪ್ಪಾಯಿತೆಂದರೆ ಮನೆಯಲ್ಲಿ ಒಂದು ಓಡಾಟ ಶುರುವಾಗುತ್ತದೆ. ಟಿವಿ ಪ್ಲಗ್, ಫ್ರಿಜ್ ಪ್ಲಗ್, ಮೋಡೆಮಿನ ವಯರು ಎಲ್ಲ ಕಿತ್ತು, ಕೊನೆಗೆ ಮೈನ್ ಸ್ವಿಚ್ ಆಫ್. ಮಳೆಗಾಲ ಮುಗಿಯುವ ಅಕ್ಟೋಬರ್–ನವೆಂಬರಿನಲ್ಲಿ ಪುನಃ ಅದೇ. ನೆಂಟರಿದ್ದಾಗ ಮೈನ್ ಆಫ್ ಮಾಡುವುದು ಹೇಗೆ? ‘ಎಸಿ ಹಾಕಿ’ ಅನ್ನುವವರಿಗೆ ‘ಗುಡುಗು ಉಂಟು, ಕತ್ತಲೆಯಲ್ಲಿ ಕೂತ್ಕೊಳ್ಳಿ’ ಅನ್ನಲಿಕ್ಕೆ ಆಗುತ್ತದಾ? 2022ರ ಮೇ ತಿಂಗಳ ಒಂದು ಸಂಜೆ ಅಪ್ಪ ಮೈನ್ ಆಫ್ ಮಾಡಲಿಲ್ಲ. ಅಂಗಳದಾಚೆಯ ತೆಂಗಿನಮರಕ್ಕೆ ಬಡಿಯಿತು. ಮರದ ತಲೆ ಹೋಯಿತು, ಹತ್ತಿಪ್ಪತ್ತು ಹಂಚು ಹಾರಿತು, ಗೋಡೆ ಒಂದು ಕಡೆ ಬಿರಿಯಿತು. ಜತೆಗೆ ಟಿವಿ, ಫ್ರಿಜ್ಜು, ಎರಡು ಎಸಿ, ಇನ್ವರ್ಟರು, ತೋಟದ ಪಂಪಿನ ಸ್ಟಾರ್ಟರು. ಜನಕ್ಕೆ ಏನೂ ಆಗಲಿಲ್ಲ. ಅಮ್ಮ ಈಗಲೂ ಆ ವಿಷಯ ಬಂದರೆ ಮೊದಲು ಇದನ್ನೇ ಹೇಳುವುದು.

ನಾನು ಬೆಂಗಳೂರಿನಿಂದ ದೊಡ್ಡ ಧೈರ್ಯದಲ್ಲಿ ಹೇಳಿದೆ: ‘ಇನ್ಶೂರೆನ್ಸ್ ಉಂಟಲ್ಲ ಅಪ್ಪ.’ ಟ್ರಂಕಿನಿಂದ ಕಾಗದ ಹೊರಗೆ ಬಂತು, ಅಮ್ಮ ವಾಟ್ಸಾಪಿನಲ್ಲಿ ಒಂದೊಂದೇ ಪುಟದ ಫೋಟೋ ಕಳಿಸಿದಳು. ಮೊದಲ ಪುಟದಲ್ಲೇ ಬೆಂಕಿಯ ನಂತರದ ಸಾಲು: ಸಿಡಿಲು. ನಾನು ಸಮಾಧಾನದಿಂದ ಕಾಫಿ ಕುಡಿದೆ. ಎರಡು ಪುಟ ದಾಟಿ ವಿನಾಯಿತಿಗಳ ಪಟ್ಟಿಗೆ ಬಂದರೆ ಅಲ್ಲಿ ಇನ್ನೊಂದು ಸಾಲು. ವಿದ್ಯುತ್ ಯಂತ್ರ, ಉಪಕರಣ, ಫಿಟಿಂಗುಗಳು ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜ್, ಕರೆಂಟ್ ಸೋರಿಕೆಯಿಂದ ಹಾಳಾದರೆ ಪರಿಹಾರ ಇಲ್ಲ, ಕಾರಣ ಯಾವುದೇ ಇರಲಿ. ಆಮೇಲೆ ಕಂಸದಲ್ಲಿ ಎರಡೇ ಪದ, ಸಿಡಿಲೂ ಸೇರಿ.

ಮುಂಬಾಗಿಲಲ್ಲಿ ಒಳಗೆ ಕರೆದು ಹಿಂಬಾಗಿಲಲ್ಲಿ ಹೊರಗೆ ಕಳಿಸಿದ ಹಾಗೆ. ಸಿಡಿಲಿಗೆ ಮನೆ ಸುಟ್ಟರೆ ಉಂಟು, ಹಂಚು ಒಡೆದರೆ ಉಂಟು, ಗೋಡೆ ಬಿರಿದರೆ ಉಂಟು. ಸಿಡಿಲು ವಯರಿನೊಳಗೆ ಬಂದು ಫ್ರಿಜ್ ಸುಟ್ಟರೆ ಆ ಫ್ರಿಜ್ಜಿಗೆ ಮಾತ್ರ ಇಲ್ಲ. ಆ ಫ್ರಿಜ್ಜಿನಿಂದ ಬೆಂಕಿ ಹತ್ತಿ ಪಕ್ಕದ ಕಪಾಟು ಸುಟ್ಟರೆ ಕಪಾಟಿಗೆ ಉಂಟು! ಇದು ನಮಗೆ ಮಾತ್ರ ಮಾಡಿದ ಮೋಸ ಅಲ್ಲ. ಆ ಪಾಲಿಸಿಯ ಹೆಸರು ಸ್ಟ್ಯಾಂಡರ್ಡ್ ಫೈರ್ ಆಂಡ್ ಸ್ಪೆಷಲ್ ಪೆರಿಲ್ಸ್, ದೇಶದಲ್ಲೆಲ್ಲ ಒಂದೇ ಒಕ್ಕಣೆ. ಸಿಡಿಲಿನ ಊರಿನವರಾದ ನಾವು ಮೊದಲು ಓದಬೇಕಿದ್ದದ್ದೇ ಆ ಕಂಸವನ್ನು.

(ಅದೇ ಪಾಲಿಸಿಯಲ್ಲಿ ಅಪ್ಪನಿಗೆ ಬಹಳ ಹಿಡಿಸಿದ ಸಾಲು ಇನ್ನೊಂದುಂಟು. ಪ್ರಾಣಿ ಬಂದು ಗುದ್ದಿ ಗೋಡೆ ಬಿದ್ದರೆ ಪರಿಹಾರ ಉಂಟು, ಆದರೆ ಅದು ನಮ್ಮ ಸ್ವಂತ ಪ್ರಾಣಿ ಆಗಿರಬಾರದು. ಕಡಬದ ಕಡೆ ಆನೆ ಇಳಿಯುವುದು ಈಗ ಹೊಸ ಸುದ್ದಿ ಅಲ್ಲ. ಆನೆಗೆ ಪರವಾಗಿಲ್ಲ, ನಮ್ಮ ಗೌರಿ ಗುದ್ದಿದರೆ ಇಲ್ಲ. “ಹಾಗಾದ್ರೆ ಗುದ್ದುವ ಮೊದಲು ಗೌರಿಯನ್ನು ಮಾರ್ಬೇಕು” ಅಂದರು ಅಪ್ಪ.)

ಹಂಚಿನ, ಗೋಡೆಯ ನಷ್ಟ ನೋಡಲು ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯ. ಗೇಟಿನ ಬೋರ್ಡಿನ ಫೋಟೋ ತೆಗೆದುಕೊಂಡರಂತೆ. ಅಪ್ಪ ಹೆಮ್ಮೆಯಿಂದ ಮೂರೂ ಕೋಣೆ ತೋರಿಸಿ, ಊಟ ಮಾಡಿಸಿಯೇ ಕಳಿಸಿದರು. ಅವರು ಹೋಗುವ ಮೊದಲು ನನಗೆ ಫೋನು ಮಾಡಿ ಮೆಲ್ಲಗೆ ಹೇಳಿದರು: “ನಿಮ್ಮ ಪಾಲಿಸಿ ವಾಸದ ಮನೆಗೆ. ಇಲ್ಲಿ ನಡೀತಿರೋದು ವ್ಯವಹಾರ. ಹಂಚಿನ ನಾಲ್ಕು ಕಾಸಿನ ವಿಷಯ ಬಿಡಿ. ನಾಳೆ ಮನೆಗೇ ಬೆಂಕಿ ಬಿದ್ರೆ ಈ ಬೋರ್ಡಿನ ಫೋಟೋ ಒಂದೇ ಸಾಕು.”

ಅಪ್ಪನಿಗೆ ಹೇಳಿದೆ. “ಹೋಂಸ್ಟೇ ಅಂದ್ರೆ ಮನೆಯೇ ಅಲ್ವಾ, ಹೆಸರಲ್ಲೇ ಉಂಟಲ್ಲ” ಅಂದರು. ಕ್ಲೇಮನ್ನು ಅಲ್ಲಿಗೇ ಬಿಟ್ಟೆವು.

ಹೊಸ ಪಾಲಿಸಿ ಮಾಡಬೇಕು ಅಂತ ನಾನು ಹೇಳುತ್ತಲೇ ಇದ್ದೆ, ಅಪ್ಪ ‘ನೋಡುವ’ ಅನ್ನುತ್ತಲೇ ಇದ್ದರು. ಆ ವರ್ಷದ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನ ಒಂದು ಕುಟುಂಬ ಬಂದಿತ್ತು. ಎಂಟು ವರ್ಷದ ಹುಡುಗ. ತೋಟದ ಕೆರೆಗೆ ಇಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿದ. ಅಲ್ಲಿ ಪಾಚಿ ಇರುವುದು ನಮಗೆ ಗೊತ್ತು, ನಾವು ಹೆಬ್ಬೆರಳು ಊರಿಯೇ ಇಳಿಯುವುದು. ಅವನಿಗೆ ಹೇಗೆ ಗೊತ್ತಾಗಬೇಕು? ಮೊಣಕೈ ಮುರಿಯಿತು. ನೀರಿಗೆ ಬೀಳಲಿಲ್ಲ ಅನ್ನುವುದೇ ಪುಣ್ಯ. ಅಪ್ಪ ಅವರ ಕಾರಿನಲ್ಲೇ ಕೂತು ಪುತ್ತೂರಿನ ಆಸ್ಪತ್ರೆಗೆ ಹೋದರು. ಎಕ್ಸ್‌ರೇ, ಆಪರೇಷನ್, ಮೂರು ದಿನ. ಅಪ್ಪ ಮೂರು ದಿನವೂ ಆಸ್ಪತ್ರೆಯ ಬೆಂಚಿನಲ್ಲಿ ಕೂತರು. ಅಡಿಕೆ ಮಾರಿದ ದುಡ್ಡಿನಲ್ಲಿ ಬಿಲ್ ಕಟ್ಟಿದರು. ಹುಡುಗನ ತಂದೆ ಬೇಡ ಬೇಡ ಅಂದರಂತೆ. ಅಪ್ಪ ಕೇಳಲಿಲ್ಲ. “ತಪ್ಪು ನಮ್ಮದು, ಮೆಟ್ಲು ಉಜ್ಜಿಸ್ಬೇಕಿತ್ತು” ಅಂತ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಮೂರನೇ ದಿನ ಆ ಕುಟುಂಬದ ಯಾರೋ ಸಂಬಂಧಿಕರು ಬಂದು, ಅಪ್ಪನನ್ನು ನೋಡಿ, ಮೊದಲು ಕೇಳಿದ ಪ್ರಶ್ನೆ, “ನಿಮ್ಮ ಪ್ರಾಪರ್ಟಿಗೆ ಲಯಬಿಲಿಟಿ ಇನ್ಶೂರೆನ್ಸ್ ಇದ್ಯಾ?”

ಕೇಳಿದವರು ಕೆಟ್ಟವರೇನಲ್ಲ. ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ನನ್ನ ಮಗುವಿಗೆ ಹಾಗಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಅಪ್ಪ ಮಾತ್ರ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮೂರು ದಿನ ಬೆಂಚಿನಲ್ಲಿ ಕೂತದ್ದಕ್ಕೆ ಅವರು ಪ್ರಾಪರ್ಟಿಯ ಓನರ್ ಆಗಿಬಿಟ್ಟಿದ್ದರು.

ಹಾಗೆ ಮಾಷ್ಟ್ರು ಮನೆಗೆ ಬಂದದ್ದು.

ಮಾಷ್ಟ್ರ ಮೊದಲ ಮಾತು, “ಟೇಪ್ ತನ್ನಿ.” ವಿಮಾ ಮೊತ್ತ ಅಂದರೆ ಸಾಲದ ಮೊತ್ತ ಅಲ್ಲ, ಜಾಗದ ಬೆಲೆಯೂ ಅಲ್ಲ. ಇವತ್ತು ಮನೆ ನೆಲಸಮವಾದರೆ ಪುನಃ ಹಾಗೇ ಕಟ್ಟಲು ಎಷ್ಟು ಬೇಕು, ಅದು. ಬ್ಯಾಂಕು ಒಂಬತ್ತು ಲಕ್ಷಕ್ಕೆ ಮಾಡಿಸಿತ್ತು, ಬ್ಯಾಂಕಿಗೆ ಬೇಕಾದದ್ದು ಅಷ್ಟೇ. ನಾವು ಅಳೆದು ಲೆಕ್ಕ ಹಾಕಿದಾಗ ಹಳೆಮನೆ, ಹೊಸ ಕೋಣೆ, ಒಳಗಿನ ಸಾಮಾನು ಸೇರಿ ನಲವತ್ತೆರಡು ಲಕ್ಷ ದಾಟಿತು. ಹಳೆಮನೆಯ ಜಂತಿ, ಪಕ್ಕಾಸು ಕಿರಾಲ್‌ಬೋಗಿಯದ್ದು. ಅದಕ್ಕೆ ಇವತ್ತು ರೇಟು ಹಾಕುವುದು ಹೇಗೆ? ಮಾಷ್ಟ್ರು ಎರಡು ರೀತಿಯ ಲೆಕ್ಕ ಹೇಳಿದರು. ಸವಕಳಿ ಕಳೆದು ಹಾಕುವ ಬೆಲೆಯಲ್ಲಿ ಅಜ್ಜನ ಕಾಲದ ಮನೆಗೆ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ. ಮರುನಿರ್ಮಾಣದ ಬೆಲೆಯಲ್ಲಿ ಹೊಸದಾಗಿ ಕಟ್ಟುವ ಖರ್ಚು ಸಿಗುತ್ತದೆ. ಎರಡನೆಯದನ್ನೇ ಕೇಳಿ ಬರೆಸಬೇಕು.

ಕಡಿಮೆ ತೋರಿಸಿ ಪ್ರೀಮಿಯಂ ಉಳಿಸುವ ಅಂತ ಅಪ್ಪ ಒಂದು ಸಲ ಸೂಚಿಸಿದರು. ಮಾಷ್ಟ್ರು ಬೋರ್ಡಿನ ಮುಂದೆ ನಿಂತ ಹಾಗೆ ನಿಂತರು. “ನಲವತ್ತು ಲಕ್ಷದ ಮನೆಯನ್ನು ಇಪ್ಪತ್ತು ಲಕ್ಷಕ್ಕೆ ಬರೆಸಿದ್ದೀರಿ. ನಾಲ್ಕು ಲಕ್ಷದ ನಷ್ಟ ಆಯ್ತು. ಎಷ್ಟು ಸಿಗ್ತದೆ?” ಅಪ್ಪ, “ನಾಲ್ಕು.” “ತಪ್ಪು. ಎರಡು. ಅರ್ಧ ಬರೆಸಿದವನಿಗೆ ಅರ್ಧವೇ.” ಅಪ್ಪ ತಲೆ ತಗ್ಗಿಸಿದರು. ಮೂವತ್ತು ವರ್ಷದ ಹಿಂದೆ ನಾನು ತಗ್ಗಿಸುತ್ತಿದ್ದ ಹಾಗೆಯೇ.

2021ರ ಏಪ್ರಿಲ್ 1ರಿಂದ ಇದಕ್ಕೆಲ್ಲ ಹೊಸ ಪಾಲಿಸಿಗಳು ಬಂದಿವೆ. ವಾಸದ ಮನೆಗೆ ಭಾರತ್ ಗೃಹ ರಕ್ಷಾ. ಒಂದು ಜಾಗದಲ್ಲಿ ಐದು ಕೋಟಿವರೆಗಿನ ಆಸ್ತಿ ಇರುವ ಸಣ್ಣ ವ್ಯವಹಾರಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಒಕ್ಕಣೆ ಒಂದೇ. ಗೃಹ ರಕ್ಷಾದಲ್ಲಿ ಮೇಲೆ ಹೇಳಿದ ಅರ್ಧಕ್ಕೆ ಅರ್ಧದ ಕತ್ತರಿ ಇಲ್ಲವೇ ಇಲ್ಲ. ಸೂಕ್ಷ್ಮ ಉದ್ಯಮದಲ್ಲಿ ಶೇ. 15ರವರೆಗಿನ ಕೊರತೆಗೆ ಮಾತ್ರ ಮಾಫಿ. ಪ್ರೀಮಿಯಮ್ಮೂ ಮನೆಯದ್ದೇ ಸಸ್ತಾ. ಹಾಗಾಗಿ ಹೋಂಸ್ಟೇ ಇರುವ ಎಷ್ಟೋ ಜನ ‘ಮನೆ’ ಅಂತಲೇ ಬರೆಸಿ ಸುಮ್ಮನಿರುತ್ತಾರೆ. ಎಂದೂ ಏನೂ ಆಗದಿದ್ದರೆ ಅದೂ ಸರಿಯೇ. ಆದರೆ ಎಂದೂ ಏನೂ ಆಗುವುದಿಲ್ಲ ಅನ್ನುವ ನಂಬಿಕೆಯಿದ್ದರೆ ಆ ಸಸ್ತಾ ಪ್ರೀಮಿಯಂ ಕೂಡ ದಂಡವಲ್ಲವೇ?

ಆಮೇಲೆ ಮೂವರೂ ಮನೆಗೆ ಒಂದು ಸುತ್ತು ಬಂದೆವು. ಹುಟ್ಟಿ ಬೆಳೆದ ಮನೆಗೆ ನಾನು ಹಾಗೆ ಸುತ್ತು ಬಂದದ್ದು ಅದೇ ಮೊದಲು. ಪಾಲಿಸಿಯ ಕಣ್ಣಿನಿಂದ ನೋಡಿದರೆ ಮನೆ ಬೇರೆಯೇ ಕಾಣುತ್ತದೆ. ನೆಂಟರು ಫೋಟೋ ತೆಗೆಸಿಕೊಳ್ಳಲಿ ಅಂತ ನಾನೇ ಕಟ್ಟಿಸಿದ್ದ ಮುಳಿಹುಲ್ಲಿನ ಮಾಡಿನ ಚಪ್ಪರವನ್ನು ನೋಡಿ ಮಾಷ್ಟ್ರು, “ಇದು ಕಚ್ಚಾ ನಿರ್ಮಾಣ, ಬೇರೆ ತೋರಿಸ್ಬೇಕು” ಅಂದರು. ಇನ್‌ಸ್ಟಾಗ್ರಾಮಿನಲ್ಲಿ ನಮ್ಮ ಮನೆಯ ಮುಖವೇ ಅದು! ರಬ್ಬರ್ ಶೀಟಿನ ಹೊಗೆಮನೆ ಹೊಸ ಕೋಣೆಗಳಿಗೆ ಹದಿನೈದು ಅಡಿ ದೂರ. ಒಣಗಿಸುವಾಗ ಬೆಂಕಿ ಹತ್ತಿದರೆ, ಒಣಗುತ್ತಿದ್ದ ಶೀಟಿಗೆ ಪರಿಹಾರ ಇಲ್ಲ. ಬಿಸಿ ಮಾಡುವ, ಒಣಗಿಸುವ ಪ್ರಕ್ರಿಯೆಯಲ್ಲಿದ್ದ ವಸ್ತು ಅದರಿಂದಲೇ ಸುಟ್ಟರೆ ಅದಕ್ಕಿಲ್ಲ. ಹೊಗೆಮನೆ ಪಕ್ಕದಲ್ಲಿ ಉಂಟು ಅಂತ ಫಾರ್ಮಿನಲ್ಲಿ ಬರೆಯದಿದ್ದರೆ ಕೋಣೆಗಳ ಕ್ಲೇಮಿಗೂ ತಕರಾರು ಬರಬಹುದು. ಬರೆದೆವು.

ಮನೆಯ ಹಿಂದಿನ ಬರೆಯ ಹತ್ತಿರ ಎಲ್ಲರೂ ಸ್ವಲ್ಪ ಹೊತ್ತು ಮಾತಾಡದೆ ನಿಂತೆವು. ಕಾರು ನಿಲ್ಲಿಸಲು ಜಾಗ ಸಾಲದೆ 2021ರಲ್ಲಿ ಜೆಸಿಬಿ ತರಿಸಿ ಗುಡ್ಡವನ್ನು ನೇರಕ್ಕೆ ಕಡಿಸಿದ್ದು ನಾವೇ. ಕೆಳಗಿನ ನದಿಯ ಭಯ ನಮಗಿಲ್ಲ. ಅಪ್ಪ 1974ರ ಮಾರಿಬೊಳ್ಳದ ಕಥೆ ಹೇಳುವಾಗಲೂ ಕುಮಾರಧಾರೆ ನಮ್ಮ ಅಂಗಳಕ್ಕೆ ಬಂದದ್ದಿಲ್ಲ. ಭಯ ಇರುವುದು ಮೇಲಿಂದ. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ಇಬ್ಬರು ಹೆಣ್ಣುಮಕ್ಕಳು ಹೋದ ಮೇಲೆ, ಅಮ್ಮ ಜೋರು ಮಳೆಗೆ ಆ ಬದಿಯ ಕೋಣೆ ಯಾರಿಗೂ ಕೊಡುವುದಿಲ್ಲ. ಭೂಕುಸಿತಕ್ಕೆ ಪಾಲಿಸಿಯಲ್ಲಿ ರಕ್ಷಣೆ ಉಂಟು. ಆದರೆ ನಾವೇ ಅಗೆದದ್ದರಿಂದ, ಕಟ್ಟಡದ ಕೆಲಸದಿಂದ ಮಣ್ಣು ಕುಸಿದರೆ ಇಲ್ಲ. ಮಾಷ್ಟ್ರು ಅದನ್ನು ಓದಿದಾಗ ಅಪ್ಪ ನನ್ನ ಮುಖ ನೋಡಿದರು. ಜೆಸಿಬಿಗೆ ದುಡ್ಡು ಕಳಿಸಿದ್ದು ನಾನು. ಆ ವರ್ಷ ನನ್ನ ಬೋನಸ್ಸು ಪೂರ್ತಿ ಕಲ್ಲಿನ ತಡೆಗೋಡೆಗೆ ಹೋಯಿತು. ಕೆಲವು ಅಪಾಯಗಳಿಗೆ ಪ್ರೀಮಿಯಂ ಕಟ್ಟುವುದಕ್ಕಿಂತ ಗೋಡೆ ಕಟ್ಟುವುದೇ ಸಸ್ತಾ.

ಕಳ್ಳತನದ ಪಾಲಿಸಿಯನ್ನು ನಾವು ತೆಗೆದುಕೊಳ್ಳಲೇ ಇಲ್ಲ. ಅದರಲ್ಲಿ ಬಲಪ್ರಯೋಗ ಮಾಡಿ, ಬಾಗಿಲೋ ಬೀಗವೋ ಒಡೆದು ಒಳಗೆ ಬಂದಿರಬೇಕು. ನಮ್ಮ ಮನೆಯ ಬಾಗಿಲಿಗೆ ಹಗಲು ಬೀಗ ಹಾಕಿದ್ದು ನನಗೆ ನೆನಪಿಲ್ಲ. “ಒಡೀಲಿಕ್ಕೆ ಬೀಗವೇ ಇಲ್ಲ, ಮತ್ತೆ ಕ್ಲೇಮು ಎಂತದ್ದು?” ಅಂದರು ಮಾಷ್ಟ್ರು. ಸಿಡಿಲಿಗೆ ಮಾತ್ರ ಎಲೆಕ್ಟ್ರಾನಿಕ್ ಉಪಕರಣಗಳ ಬೇರೆಯೇ ರಕ್ಷಣೆ ಸೇರಿಸಿದೆವು. ಹೊಸ ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲೂ ಆ ಕಂಸ ಹಾಗೆಯೇ ಕೂತಿದೆ. ಜತೆಗೆ ಅರ್ಥಿಂಗ್ ಹೊಸದಾಗಿ ಮಾಡಿಸಿ, ಮೀಟರ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆವು.

ಇಷ್ಟರವರೆಗೆ ಅಪ್ಪನ ತಕರಾರು ದುಡ್ಡಿನದ್ದು, ಅದು ನಿಭಾಯಿಸುವಂಥದ್ದು. ನಿಜವಾದ ತಕರಾರು ಶುರುವಾದದ್ದು ಮಾಷ್ಟ್ರು ಫೈಲಿನಿಂದ ಪಬ್ಲಿಕ್ ಲಯಬಿಲಿಟಿಯ ಕಾಗದ ತೆಗೆದಾಗ. ಮೊದಲ ಸಾಲಿನಲ್ಲಿ ಬರೆದ ಮಾತು ಬಂದದ್ದು ಆಗಲೇ.

ನಮ್ಮ ಜಾಗದಲ್ಲಿ ಬೇರೆಯವರಿಗೆ ಪೆಟ್ಟಾದರೆ, ಅವರ ವಸ್ತು ಹಾಳಾದರೆ, ಕಾನೂನಿನ ಪ್ರಕಾರ ನಾವು ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುತ್ತದೆ. ಒಂದು ಅವಘಡಕ್ಕೆ ಇಷ್ಟು, ಒಂದು ವರ್ಷಕ್ಕೆ ಒಟ್ಟು ಇಷ್ಟು ಅಂತ ಎರಡು ಮಿತಿ. ನಾವು ಐದು ಮತ್ತು ಹತ್ತು ಲಕ್ಷಕ್ಕೆ ಮಾಡಿದೆವು. ಊಟದಿಂದ ತೊಂದರೆಯಾದರೆ ಅದಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. “ನನ್ನ ಅಡಿಗೆಗೂ ಇನ್ಶೂರೆನ್ಸಾ?” ಅಂತ ಅಮ್ಮ ಒಳಗಿನಿಂದ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ, ಸೇರಿಸಿದೆವು.

ಅಪ್ಪನ ಪ್ರಶ್ನೆ ನೇರವಾಗಿತ್ತು: “ಆ ಹುಡುಗನಿಗೆ ಆದ ಹಾಗೆ ಇನ್ನೊಬ್ಬನಿಗೆ ಆದ್ರೆ ಇವ್ರು ಆಸ್ಪತ್ರೆ ಬಿಲ್ ಕಟ್ತಾರಾ?”

“ನಿಮ್ಮ ತಪ್ಪು ಅಂತ ಆದ್ರೆ ಕಟ್ತಾರೆ.”

“ನನ್ನ ತಪ್ಪೇ. ಅದನ್ನು ನಾನೇ ಹೇಳ್ತೇನಲ್ಲ.”

“ಅದನ್ನು ಮಾತ್ರ ನೀವು ಹೇಳುವ ಹಾಗಿಲ್ಲ” ಅಂದರು ಮಾಷ್ಟ್ರು.

ಇದು ಷರತ್ತು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅಂತ ಮಾತು ಕೊಡಬಾರದು, ಕೊಡಲೂಬಾರದು. ಯಾಕೆ ಅಂತ ಅರ್ಥವಾಗದ್ದೇನಲ್ಲ. ದುಡ್ಡು ಕೊಡುವವರು ಅವರು, ಇಲ್ಲಿ ಒಪ್ಪಿಕೊಂಡು ಬರುವವರು ನಾವಾದರೆ ಅವರ ಗತಿ? ಆದರೆ ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರು.

“ಆಸ್ಪತ್ರೆಗೆ ಕರ್ಕೊಂಡು ಹೋಗ್ಬಹುದಾ?”

“ಧಾರಾಳ. ಹೋಗ್ಲೇಬೇಕು. ಕೂತ್ಕೊಳ್ಳಿ, ಊಟ ಕೊಡಿ, ರಾತ್ರಿ ನಿಲ್ಲಿ. ‘ನಮ್ಮದೇ ತಪ್ಪು, ಖರ್ಚು ನಮ್ಮದು’ ಅಂತ ಮಾತ್ರ ಬೇಡ. ಕೂಡಲೇ ಕಂಪನಿಗೆ ತಿಳಿಸಿ.”

“ಮಾಷ್ಟ್ರೇ, ಮೊದ್ಲು ಹೇಳ್ಬೇಕಾದ್ದು ಅದನ್ನೇ ಅಲ್ವಾ?”

ಮಾಷ್ಟ್ರು ಫೈಲು ಮುಚ್ಚಿ ಚಾ ಕುಡಿದರು. ನಮ್ಮ ಮನೆಯಲ್ಲಿ ಹಾಗೆ ಮಾತು ನಿಂತದ್ದು ಕಡಿಮೆ.

ಕೆರೆಯ ಹತ್ತಿರ ‘ಇಳಿದರೆ ನೀವೇ ಜವಾಬ್ದಾರರು’ ಅಂತ ಬೋರ್ಡು ಹಾಕಿದರೆ ಸಾಲದಾ ಅಂತ ನಾನೇ ಕೇಳಿದೆ. ಸಾಲದು ಅಂತ ಆಮೇಲೆ ಓದಿ ಗೊತ್ತಾಯಿತು. 1998ರ ಆಗಸ್ಟಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಒಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ಒಳಗೆ ಹೋಗಿದ್ದರು. ಬರುವಾಗ ಕಾರು ಇಲ್ಲ. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರದ್ದೇ ಹೊಣೆ’ ಅಂತ ಅಚ್ಚು ಹಾಕಿತ್ತು. ಇನ್ಶೂರೆನ್ಸ್ ಕಂಪನಿ ಕಾರಿನವರಿಗೆ ದುಡ್ಡು ಕೊಟ್ಟು, ಆಮೇಲೆ ಹೋಟೆಲಿನ ಬೆನ್ನು ಹತ್ತಿತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿಮ್ಮ ಅಜಾಗ್ರತೆಗೆ ಚೀಟಿ ತೋರಿಸಿ ತಪ್ಪಿಸಿಕೊಳ್ಳಲಾಗದು ಅಂದಿತು. ಕೈಗೆ ಒಪ್ಪಿಸಿದ ಕಾರಿನ ಕಥೆ ಬೇರೆ, ಪಾಚಿಗಟ್ಟಿದ ಮೆಟ್ಟಿಲಿನ ಕಥೆ ಬೇರೆ, ನಿಜ. ಆದರೆ ತಾಜ್ ಹೋಟೆಲಿನ ಅಚ್ಚಿನ ಚೀಟಿ ನಿಲ್ಲದ ಕಡೆ ನನ್ನ ಕೈಬರಹದ ಬೋರ್ಡು ನಿಲ್ಲುತ್ತದೆ ಅನ್ನುವ ಧೈರ್ಯ ನನಗಿಲ್ಲ. ಬೋರ್ಡಿನ ಬದಲು ಅಪ್ಪ ಕೆರೆಯ ಮೆಟ್ಟಿಲಿಗೆ ಕಬ್ಬಿಣದ ಕೈಪಿಡಿ ಹಾಕಿಸಿದರು. ಪಾಚಿ ತಿಂಗಳಿಗೊಮ್ಮೆ ಉಜ್ಜಿಸುತ್ತಾರೆ.

ಕೊನೆಗೆ ಫಾರ್ಮು. ‘ಕಟ್ಟಡದ ಬಳಕೆ’ ಅನ್ನುವ ಕಡೆ ಅಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಅಜ್ಜ ಕಟ್ಟಿದ ಮನೆ. ನಾನು ಹುಟ್ಟಿದ್ದು, ಅಜ್ಜಿ ಹೋದದ್ದು, ಅಕ್ಕನ ಮದುವೆಯ ಚಪ್ಪರ ಎಲ್ಲ ಅಲ್ಲೇ. ಅದರ ಎದುರಿಗೆ ‘ವಾಣಿಜ್ಯ’ ಅಂತ ಬರೆಯಬೇಕು. ಆರು ವರ್ಷದಿಂದ ಕೋಣೆ ಬಾಡಿಗೆ ತೆಗೆದುಕೊಳ್ಳುತ್ತಿದ್ದರೂ ಆ ಮಾತನ್ನು ನಾವ್ಯಾರೂ ಬಾಯಿಬಿಟ್ಟು ಆಡಿರಲಿಲ್ಲ. “ನೀನೇ ಬರಿ” ಅಂತ ಪೆನ್ನು ನನ್ನ ಕೈಗೆ ಕೊಟ್ಟು ದನ ಬಿಚ್ಚಲು ಹೋದರು. ನಾನು ಬರೆದೆ. ಸಹಿ ಹಾಕುವಾಗ ಅಪ್ಪ ಅದರ ಮೇಲೆ ಕಣ್ಣು ಹಾಕಲಿಲ್ಲ.

ಎಲ್ಲ ಸೇರಿ, ಶೇ. 18 ಜಿಎಸ್‌ಟಿಯೂ ಸೇರಿ ಪ್ರೀಮಿಯಂ ಹನ್ನೆರಡು ಸಾವಿರದೊಳಗೆ ಮುಗಿಯಿತು. ಪಾಲಿಸಿ ಬಂದಾಗ ವಿಳಾಸದಲ್ಲಿ ‘ಪುತ್ತೂರು ತಾಲೂಕು’ ಅಂತಿತ್ತು. ಪಂಚಾಯತ್ ಲೈಸೆನ್ಸಿನಲ್ಲಿ ಕಡಬ. ಇಂಥ ಸಣ್ಣ ವ್ಯತ್ಯಾಸವೇ ಕ್ಲೇಮಿನ ದಿನ ದೊಡ್ಡದಾಗುತ್ತದೆ ಅಂತ ಮಾಷ್ಟ್ರು ಕೂತು ತಿದ್ದಿಸಿದರು.

ಆಮೇಲೆ ಪ್ರತಿ ಮಾರ್ಚಿನಲ್ಲಿ ರಿನೀವಲ್‌ಗೆ ಮೊದಲು ನಾನು ಊರಿಗೆ ಹೋಗಿ ಅದೇ ಸುತ್ತು ಬರುತ್ತೇನೆ. ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯುವ ಕೆಲಸ, ಆದರೆ ಮನೆ ಸುಮ್ಮನೆ ಕೂತಿರುವುದಿಲ್ಲವಲ್ಲ. ಒಂದು ವರ್ಷ ವಾಷಿಂಗ್ ಮೆಷಿನ್, ಸೋಲಾರ್ ಬಂತು. ಇನ್ನೊಂದು ವರ್ಷ ಹೊಗೆಮನೆ ತೋಟದಾಚೆಗೆ ಹೋಯಿತು. ಗಾರೆ ಕೆಲಸದ ರೇಟು ಏರಿದ ಹಾಗೆ ವಿಮಾ ಮೊತ್ತವೂ ಏರಬೇಕು. ಮೊದಲ ಎರಡು ವರ್ಷ ನಾನೇ ನೆನಪಿಸಿದೆ. ಈ ಸಲ ಹೋದಾಗ ಅಪ್ಪ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟ ತೆರೆದು ತೋರಿಸಿದರು. ‘ಮಾಷ್ಟ್ರಿಗೆ ಹೇಳಬೇಕಾದ್ದು’ ಅಂತ ಮೇಲೆ ಬರೆದು, ಕೆಳಗೆ ತಾರೀಕು ಸಮೇತ ಹನ್ನೊಂದು ಸಾಲು.

ಅದರಲ್ಲಿ ಒಂದು ಸಾಲು ಕಳೆದ ಅಕ್ಟೋಬರಿನದ್ದು. ಆ ದಿನ ಅಪ್ಪ ಫೋನು ಮಾಡಿದ್ದರು. ಮೈಸೂರಿನಿಂದ ಬಂದ ಒಬ್ಬ ಹೆಂಗಸು ಅಂಗಳದಲ್ಲಿ ಕಾಲು ಉಳುಕಿಸಿಕೊಂಡಿದ್ದರು. ಅಂಗಳದ ಅಂಚು ನಾವೇ ಅಗೆದು ಬಿಟ್ಟಿದ್ದ ಜಾಗ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಕಟ್ಟಿಸಿ ತಂದಾಯಿತು, ದೊಡ್ಡದೇನಿಲ್ಲ ಅಂದರು.

“ಎಂತ ಹೇಳಿದ್ರಿ ಅವ್ರಿಗೆ?” ಅಂತ ಕೇಳಿದೆ.

“ನಾನೆಂತ ಹೇಳ್ಲಿಲ್ಲ. ನೀವು ಹೇಳ್ಬಾರ್ದು ಅಂದಿದ್ದೀರಲ್ಲ.” ಸ್ವಲ್ಪ ಹೊತ್ತು ಫೋನಿನಲ್ಲಿ ಜೀರುಂಡೆಯ ಸದ್ದು. “ಅಮ್ಮ ಹೇಳಿದ್ಳು.”

“ಎಂತ?”

“ತಪ್ಪಾಯ್ತು ಅಂತ. ಅವ್ರ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ಳು. ನಾನು ಬೇಡ ಅನ್ಲಿಲ್ಲ.”

ಫೋನಿಟ್ಟ ಮೇಲೆ ಪಾಲಿಸಿಯ ಪಿಡಿಎಫ್ ತೆರೆದು ಪುನಃ ಓದಿದೆ. ಅಪ್ಪನ ಹೆಸರು ಆರು ಕಡೆ ಉಂಟು. ಅಮ್ಮನ ಹೆಸರು ಎಲ್ಲೂ ಇಲ್ಲ.